ಹುತಾತ್ಮ ಎಂಬ ಮಾತು ಮರೆಸಿದ ಸಾಕ್ಷಿ: ಆದೋನಿ ಸೀಮೆಯಿಂದ ‘ಗೊಲ್ಗೊಥಾ’ವನ್ನು ಓದುತ್ತ

(ಕನ್ನಡ ವಿಭಾಗದ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಾಡಿದ ಮಂಡನೆಯ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡು, ಪುನರುಕ್ತಿಗಳನ್ನು ಮಾತ್ರ ತೆಗೆಯಲಾಗಿದೆ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.)

ಧ್ವನಿ ಸರಿಯಾಗಿ ಕೇಳಿಸ್ತಿದೆ ಅಂದುಕೊಳ್ತೀನಿ. ಮಧ್ಯೆ ಕಟ್ ಆದರೆ ದಯವಿಟ್ಟು ಚಾಟ್‌ನಲ್ಲಿ ಬರೆಯಿರಿ. ನಾನು ಈಗ ಊರಲ್ಲೇ ಇದ್ದೀನಿ, ಆಲೂರು ಕಡೆ. ಇಲ್ಲಿ ಸಂಜೆ ಹೊತ್ತು ನೆಟ್‌ವರ್ಕ್ ನಂಬೋಹಾಗಿಲ್ಲ.

ವಿಷಯಕ್ಕೆ ಬರೋ ಮೊದಲು ಒಂದು ಪ್ರಸಂಗ ಹೇಳ್ತೀನಿ. ಇದನ್ನು ಹೇಳದೆ ಈ ಪ್ರಬಂಧ ಯಾಕೆ ಬರೆದೆ ಅನ್ನೋದು ಗೊತ್ತಾಗೋದಿಲ್ಲ. ಕೆಲವು ವರ್ಷಗಳ ಹಿಂದೆ ಶುಭ ಶುಕ್ರವಾರದ ಆರಾಧನೆಗೆ ನಾನೂ ಅಪ್ಪನೂ ಹೋಗಿದ್ವಿ. ಹೊರಗಿನಿಂದ ಬಂದಿದ್ದ ಪ್ರಸಂಗಿ ತೆಲುಗಿನಲ್ಲಿ ಬಹಳ ಚೆನ್ನಾಗಿ ಮಾತಾಡಿದರು. ಕೊನೆಗೆ ಒಂದು ಪ್ರಶ್ನೆ ಹಾಕಿದರು: ಕರ್ತನಿಗೋಸ್ಕರ ಪ್ರಾಣ ಕೊಡೋಕೆ ಯಾರು ಸಿದ್ಧ, ಕೈ ಎತ್ತಿ. ಇಡೀ ಸಭೆ ಕೈ ಎತ್ತಿತು. ಚಿಕ್ಕ ಮಕ್ಕಳೂ ಎತ್ತಿದರು. ನಾನೂ ಎತ್ತಿದೆ. ಪಕ್ಕದಲ್ಲಿ ಕೂತಿದ್ದ ಅಪ್ಪ ಎತ್ತಲಿಲ್ಲ. ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ನನಗೆ ನಾಚಿಕೆ ಆಯಿತು. ಅವರು ಯಾಕೆ ಎತ್ತಲಿಲ್ಲ ಅನ್ನೋದನ್ನ ಕೊನೆಯಲ್ಲಿ ಹೇಳ್ತೀನಿ.

ನನ್ನ ಪ್ರಶ್ನೆ ಇಷ್ಟೇ. ನಂಬಿಕೆಗಾಗಿ ಪ್ರಾಣ ಕೊಡುವುದು ಅನ್ನೋದನ್ನ ಕನ್ನಡ ಹೇಗೆ ಅರ್ಥ ಮಾಡಿಕೊಂಡಿದೆ? ಅದಕ್ಕೆ ನಾವು ಬಳಸುವ ಪದಗಳು ಏನನ್ನು ತೋರಿಸುತ್ತವೆ, ಏನನ್ನು ಮುಚ್ಚುತ್ತವೆ? ಇದನ್ನು ಗೋವಿಂದ ಪೈಗಳ ‘ಗೊಲ್ಗೊಥಾ’ವನ್ನು ನಡುವೆ ಇಟ್ಟುಕೊಂಡು ನೋಡುವ ಪ್ರಯತ್ನ ಇದು.

1. ಒಂದು ಅರ್ಥ, ನಾಲ್ಕು ಮಾತು

ನಮ್ಮ ಸೀಮೆಯ ಭಾಷೆಯ ಸ್ಥಿತಿ ಗೊತ್ತಿಲ್ಲದವರಿಗೆ ಎರಡು ಮಾತು. ಆದೋನಿ, ಆಲೂರು, ರಾಯದುರ್ಗ ಈ ಮೂರು ತಾಲೂಕುಗಳು ಬಳ್ಳಾರಿ ಜಿಲ್ಲೆಗೇ ಸೇರಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿಯಿಂದ ಬೇರೆಯಾದವು. ಆದೋನಿ, ಆಲೂರು ಕರ್ನೂಲಿಗೆ ಬಂದವು. ಆದ್ದರಿಂದ ನಮ್ಮಲ್ಲಿ ಮನೆಯ ಮಾತು ಒಂದು, ಆಫೀಸಿನ ಮಾತು ಇನ್ನೊಂದು. ಮನೆಯಲ್ಲಿ ಕನ್ನಡ, ಚರ್ಚಿನಲ್ಲಿ ತೆಲುಗು, ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ದಖನಿ ಸೇರಿಸಿ ಮೂರೂ. ಒಂದೇ ಅರ್ಥಕ್ಕೆ ಮೂರು ಪದ ಕಿವಿಗೆ ಬೀಳುವ ಜಾಗ ಇದು.

ತೆಲುಗು ಚರ್ಚಿನಲ್ಲಿ ನಾನು ಮೊದಲು ಕೇಳಿದ ಪದ ‘ಹತಸಾಕ್ಷಿ’. ಕೊಲ್ಲಲ್ಪಟ್ಟ ಸಾಕ್ಷಿ. ಗೋವಿಂದ ಪೈಗಳ ಮಂಜೇಶ್ವರ ಇರುವ ಕಾಸರಗೋಡು ಕಡೆ ಹೋದರೆ ಮಲಯಾಳದ ‘ರಕ್ತಸಾಕ್ಷಿ’ ಕೇಳಿಸುತ್ತದೆ. ಅಲ್ಲಿ ಸಂತರೂ ರಕ್ತಸಾಕ್ಷಿಗಳೇ, ಪಕ್ಷಕ್ಕಾಗಿ ಸತ್ತ ಕಾರ್ಯಕರ್ತರೂ ರಕ್ತಸಾಕ್ಷಿಗಳೇ. 1943ರ ಮಾರ್ಚ್ 29ರಂದು ಗಲ್ಲಿಗೇರಿದ ಕಯ್ಯೂರಿನ ನಾಲ್ವರು ರೈತ ಹೋರಾಟಗಾರರನ್ನು ಆ ನೆಲ ಇದೇ ಪದದಿಂದ ನೆನೆಯುತ್ತದೆ. ಅವರ ಕತೆಯನ್ನೇ ನಿರಂಜನ ಕನ್ನಡದಲ್ಲಿ ‘ಚಿರಸ್ಮರಣೆ’ ಕಾದಂಬರಿ ಮಾಡಿದರು. ಆದೋನಿಯ ಮುಸ್ಲಿಮರ ಬಾಯಲ್ಲಿ ‘ಶಹೀದ್’. ಅರಬಿಯಲ್ಲಿ ಆ ಪದದ ಬೇರೂ ಸಾಕ್ಷಿ ಹೇಳುವುದೇ. ಇನ್ನು ಹೊಸ ಒಡಂಬಡಿಕೆಯ ಗ್ರೀಕಿನ ‘ಮಾರ್ತುಸ್’ ಎಂದರೆ ಮೊದಲಿಗೆ ಕೋರ್ಟಿನಲ್ಲಿ ನಿಂತು ಕಂಡದ್ದನ್ನು ಹೇಳುವವನು, ಅಷ್ಟೇ. ಅಪೊಸ್ತಲರ ಕೃತ್ಯಗಳಲ್ಲಿ ಕಲ್ಲೇಟಿಗೆ ಸತ್ತ ಸ್ತೆಫನನನ್ನು ಪೌಲ ನೆನೆಯುವಾಗ ಬರುವ ಪದ ಅದೇ. ಸಾವಿನ ಅರ್ಥ ಅದಕ್ಕೆ ಆಮೇಲೆ ಅಂಟಿಕೊಂಡಿತು.

ಈಗ ಕನ್ನಡಕ್ಕೆ ಬನ್ನಿ. ಕನ್ನಡ ಸಭೆಗಳಲ್ಲೂ ರಕ್ತಸಾಕ್ಷಿ, ಹತಸಾಕ್ಷಿ ಅಲ್ಲಲ್ಲಿ ಕೇಳಿಬರುತ್ತವೆ ನಿಜ. ಆದರೆ ಪತ್ರಿಕೆಯಲ್ಲಿ, ಪಠ್ಯಪುಸ್ತಕದಲ್ಲಿ, ಭಾಷಣದಲ್ಲಿ ಗೆದ್ದಿರುವ ಪದ ‘ಹುತಾತ್ಮ’. ಹುತ ಅಂದರೆ ಬೆಂಕಿಗೆ ಹಾಕಿದ್ದು, ಹವಿಸ್ಸು. ತನ್ನನ್ನೇ ಆಹುತಿ ಕೊಟ್ಟವನು ಹುತಾತ್ಮ. ನಾಲ್ಕು ಭಾಷೆಗಳಲ್ಲಿ ಮೂರು ನ್ಯಾಯಾಲಯದ ಚಿತ್ರ ಇಟ್ಟುಕೊಂಡಿವೆ, ಕನ್ನಡದ್ದು ಮಾತ್ರ ಯಜ್ಞದ ಚಿತ್ರ.

ಇದು ಬರೀ ಪದದ ಆಟ ಅನ್ನಿಸಬಹುದು. ಆದರೆ ವ್ಯತ್ಯಾಸ ದೊಡ್ಡದು. ಸಾಕ್ಷಿ ಅಂದ ಕೂಡಲೇ ಕೇಳುವ ಪ್ರಶ್ನೆ: ಯಾವುದಕ್ಕೆ ಸಾಕ್ಷಿ? ಏನು ಕಂಡ, ಏನು ಹೇಳಿದ? ಯಾರ ವಿರುದ್ಧ? ಆಹುತಿ ಅಂದ ಕೂಡಲೇ ಆ ಪ್ರಶ್ನೆಗಳು ಬೀಳುತ್ತವೆ. ಹವಿಸ್ಸು ಮಾತಾಡುವುದಿಲ್ಲ. ಅದು ಉರಿಯುತ್ತದೆ, ಅಷ್ಟೇ. ಜೊತೆಗೆ ಸಾಕ್ಷಿಯ ಕತೆಯಲ್ಲಿ ಕೊಂದವನು ಒಬ್ಬ ಇರಲೇಬೇಕು, ಅವನು ಉತ್ತರ ಹೇಳಬೇಕಾದ ಆರೋಪಿ. ಆಹುತಿಯ ಕತೆಯಲ್ಲಿ ಅವನು ಕಾಣೆಯಾಗುತ್ತಾನೆ. ಬೆಂಕಿ ಹಚ್ಚಿದವನ ಹೆಸರನ್ನು ಯಾರೂ ಕೇಳುವುದಿಲ್ಲ.

2. ನಮ್ಮ ಕಿವಿ ತಯಾರಾದ ಬಗೆ

ಕನ್ನಡ ಓದುಗ ಯೇಸುವಿನ ಕತೆಗೆ ಬರಿಗೈಯಲ್ಲಿ ಬರಲಿಲ್ಲ. ಅದಕ್ಕೆ ಮುಂಚೆ ಅವನ ಕಣ್ಣಿಗೆ ವೀರಗಲ್ಲು ಇತ್ತು. ನಮ್ಮ ಊರುಗಳ ಸುತ್ತಲೂ ನಿಂತಿರುವ ಕಲ್ಲುಗಳನ್ನು ನೀವೆಲ್ಲ ನೋಡಿದ್ದೀರಿ: ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗದ ಮುಂದೆ ಅವನು ಕೂತಿರುವುದು. ಅನಂತಪುರದಲ್ಲಿ ಪಾಠ ಮಾಡಿದ ಆರ್. ಶೇಷಶಾಸ್ತ್ರಿಯವರ ವೀರಗಲ್ಲುಗಳ ಅಧ್ಯಯನ ಓದಿದವರಿಗೆ ಈ ಲೋಕದ ಒಳಗಿನ ಕಟ್ಟುಪಾಡು ಗೊತ್ತು. ಅದರ ಒಂದು ಕೀಲಿಪದ ಜೋಳವಾಳಿ. ಒಡೆಯನ ಜೋಳ ಉಂಡವನು ಅವನಿಗಾಗಿ ಪ್ರಾಣ ಕೊಡಬೇಕಾದ ಋಣ. ಪಂಪನ ಕರ್ಣ ನಮಗೆ ಪ್ರಿಯನಾಗುವುದೂ ಈ ಋಣವನ್ನು ತೀರಿಸಿದ್ದರಿಂದ.

ಇದರ ಪಕ್ಕದಲ್ಲಿ ಭಕ್ತಿಯ ಕತೆಗಳಿವೆ. ಹರಿಹರನ ಕಣ್ಣಪ್ಪ ಶಿವನಿಗೆ ಕಣ್ಣು ಕಿತ್ತು ಕೊಡುತ್ತಾನೆ. ಸಿರಿಯಾಳ, ಚಂಗಳೆಯರು ಜಂಗಮ ಕೇಳಿದನೆಂದು ಮಗನನ್ನೇ ಅಡುಗೆ ಮಾಡುತ್ತಾರೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಿಂದ 1369ರಲ್ಲಿ ಭೀಮಕವಿಯ ಕನ್ನಡಕ್ಕೆ ಬಂದ ಲೋಕ ಇದು. ನಮ್ಮ ಗಡಿಯ ಎರಡೂ ಕಡೆಯವರಿಗೆ ಸಮಾನ ಆಸ್ತಿ. ಇನ್ನು ಪಕ್ಕದ ಮಂತ್ರಾಲಯದಲ್ಲಿ 1671ರಲ್ಲಿ ರಾಘವೇಂದ್ರ ಸ್ವಾಮಿಗಳು ಸಜೀವವಾಗಿ ಬೃಂದಾವನ ಪ್ರವೇಶ ಮಾಡಿದರು ಅನ್ನುವ ನಂಬಿಕೆ. ಆ ಮಂಚಾಲೆ ಗ್ರಾಮವನ್ನು ಕೊಟ್ಟವನು ಆದೋನಿಯನ್ನು ಆಳುತ್ತಿದ್ದ ಸಿದ್ದಿ ಮಸೂದ್ ಖಾನ್ ಎಂದು ಪರಂಪರೆ ಹೇಳುತ್ತದೆ. ಹೀಗೆ ದೇಹ ಬಿಡುವುದಕ್ಕೆ ನಮ್ಮಲ್ಲಿ ಎಷ್ಟೊಂದು ಮಾದರಿಗಳಿವೆ ನೋಡಿ.

ಇವುಗಳಲ್ಲಿ ಯಾವುದೂ ಸಾಕ್ಷಿಯ ಮಾದರಿ ಅಲ್ಲ ಅನ್ನೋದು ನನ್ನ ವಾದ. ವೀರ ಕೊಂದು ಸಾಯುತ್ತಾನೆ. ಜೋಳವಾಳಿಯವನು ಉಣಿಸಿದ ಒಡೆಯನ ಪರ ಸಾಯುತ್ತಾನೆ. ಕಣ್ಣಪ್ಪನಿಗೆ ಎದುರಾಳಿಯೇ ಇಲ್ಲ. ಸಾಕ್ಷಿ ಕೊಲ್ಲುವುದಿಲ್ಲ, ಮತ್ತು ಎಷ್ಟೋ ಸಲ ಉಣಿಸಿದ ಒಡೆಯನ ಮಾತನ್ನೇ ಮೀರಿ ಸಾಯುತ್ತಾನೆ. ತಿರುವಾಂಕೂರಿನ ದೇವಸಹಾಯಂ ಒಳ್ಳೆಯ ಉದಾಹರಣೆ. 1712ರಲ್ಲಿ ನೀಲಕಂಠನಾಗಿ ಹುಟ್ಟಿದವರು, ಮಾರ್ತಾಂಡ ವರ್ಮನ ಆಸ್ಥಾನದ ಅಧಿಕಾರಿ, 1745ರಲ್ಲಿ ದೀಕ್ಷಾಸ್ನಾನ ಪಡೆದರು, 1752ರ ಜನವರಿ 14ರಂದು ಅರಲ್ವಾಯ್‌ಮೊಳಿಯ ಬೆಟ್ಟದಲ್ಲಿ ಗುಂಡಿಗೆ ಬಲಿಯಾದರು. ಜೋಳವಾಳಿಯ ಕಣ್ಣಿಂದ ನೋಡಿದರೆ ಅವರು ಉಂಡ ಮನೆಗೆ ದ್ರೋಹ ಬಗೆದವರು. ಸಾಕ್ಷಿಯ ಕಣ್ಣಿಂದ ನೋಡಿದರೆ ಸಂತ. ರೋಮ್ ಅವರನ್ನು 2022ರ ಮೇ 15ರಂದು ಸಂತರೆಂದು ಸಾರಿತು. ಅದಕ್ಕೆ ಮುಂಚೆ ಅವರ ಹೆಸರಿನಿಂದ ‘ಪಿಳ್ಳೈ’ ಎಂಬ ಜಾತಿಸೂಚಕವನ್ನು ಕೈಬಿಡಲಾಯಿತು. ಇದು ಸಣ್ಣ ಸಂಗತಿ ಅಲ್ಲ. ಜಾತಿಯ ಕಟ್ಟು ಬಿಟ್ಟು ಎಲ್ಲರ ಜೊತೆ ಬೆರೆತರು ಎಂದು ನೆನೆಯಲ್ಪಡುವ ಮನುಷ್ಯನ ಹೆಸರಿಗೆ ಜಾತಿ ಅಂಟಿಸಿಕೊಂಡೇ ಇದ್ದರೆ, ಸಾವು ಉಳಿಯಿತು, ಸಾಕ್ಷಿ ಹೋಯಿತು ಅಂತಾಗುತ್ತಿತ್ತು.

ಒಂದು ಮಾದರಿ ಮಾತ್ರ ನಮ್ಮ ಸೀಮೆಯಲ್ಲಿ ಸಾಕ್ಷಿಗೆ ಹತ್ತಿರ ಬರುತ್ತದೆ. ಅದು ಕ್ರೈಸ್ತರದ್ದೂ ಅಲ್ಲ. ಮೊಹರಂ, ನಮ್ಮ ಕಡೆ ಪೀರಲ ಹಬ್ಬ. ಊರಲ್ಲಿ ಮುಸ್ಲಿಮರ ಮನೆ ಎರಡೇ ಇದ್ದರೂ ಪೀರು ಕೂರುತ್ತದೆ, ಅಲಾಯಿ ಕುಣಿ ತೋಡುತ್ತಾರೆ, ಎಲ್ಲ ಜಾತಿಯವರೂ ಬರುತ್ತಾರೆ. ನನ್ನ ಅಜ್ಜಿ ಚರ್ಚಿಗೆ ಹೋಗುವವಳು, ಆದರೂ ಕರ್ಬಲದ ಕತೆ ನಾನು ಕೇಳಿದ್ದು ಅವಳ ಬಾಯಿಂದಲೇ. ಹಸೇನ ಹುಸೇನರು ಯಾಕೆ ಸತ್ತರು ಅಂತ ಕೇಳಿದ್ದಕ್ಕೆ ಅವಳು ಹೇಳಿದ್ದು: “ಹೂಂ ಅಂದಿದ್ರ ಬದುಕ್ತಿದ್ರು. ಅನ್ಲಿಲ್ಲ, ಅದಕ್ಕ.” ಹುಸೇನರು ಯಜೀದನಿಗೆ ಹೂಂ ಅನ್ನಲಿಲ್ಲ. ಇದಕ್ಕಿಂತ ಚಿಕ್ಕದಾಗಿ ಸಾಕ್ಷಿ ಎಂಬುದರ ಅರ್ಥ ಹೇಳುವುದು ನನಗಂತೂ ಬರುವುದಿಲ್ಲ.

3. ಗೊಲ್ಗೊಥಾ: ಕಡೆಯ ದಿನ ಯಾಕೆ?

ಈಗ ಕಾವ್ಯಕ್ಕೆ. ಯೇಸುವಿನ ಕತೆಯನ್ನು ಕನ್ನಡಕ್ಕೆ ತಂದ ಕೆಲಸದಲ್ಲಿ ಮಿಶನರಿಗಳ ಪಾಲು ದೊಡ್ಡದು. ಅದರ ಒಂದು ತುದಿ ನಮ್ಮ ಹಳೆಯ ಜಿಲ್ಲೆಯಲ್ಲೇ ಇದೆ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲಿನ ಅನುವಾದಕ್ಕೆ ಕೂತರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಮೋಗ್ಲಿಂಗ್ 1843ರಲ್ಲಿ ಶುರುಮಾಡಿದ ‘ಮಂಗಳೂರ ಸಮಾಚಾರ’ ಮರುವರ್ಷ ‘ಕನ್ನಡ ಸಮಾಚಾರ’ವಾಗಿ ಅಚ್ಚಾದದ್ದೂ ಬಳ್ಳಾರಿಯಲ್ಲಿ. ಆಮೇಲೆ ಕಿಟ್ಟೆಲ್ 1862ರಲ್ಲಿ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ದೇಸೀ ಛಂದಸ್ಸಿಗೆ ತಂದರು. ಇವೆಲ್ಲ ಒಳಗಿನವರು ಹೊರಗಿನವರಿಗೆ ಹೇಳಿದ ಕತೆಗಳು.

ಗೋವಿಂದ ಪೈಗಳ ದಾರಿ ಬೇರೆ. ಅವರು ಕ್ರೈಸ್ತರಲ್ಲ, ಯಾರನ್ನೂ ಮತಕ್ಕೆ ಕರೆಯುವ ಉದ್ದೇಶವೂ ಅವರಿಗಿಲ್ಲ. 1883ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡ, ಹಲವು ಭಾಷೆ ಬಲ್ಲ ಮಂಜೇಶ್ವರದ ವಿದ್ವಾಂಸ. 1930ರ ದಶಕದಲ್ಲಿ ಬಂದ ಈ ಖಂಡಕಾವ್ಯಕ್ಕೆ ಅವರು ಕೊಟ್ಟ ಪೂರ್ಣ ಹೆಸರು ‘ಗೊಲ್ಗೊಥಾ ಅಥವಾ ಯೇಸುವಿನ ಕಡೆಯ ದಿನ’. ಹಳಗನ್ನಡ, ಸಂಸ್ಕೃತ ಪದಗಳು ಹೆಣೆದುಕೊಂಡ ಬಿಗಿಯಾದ ಶೈಲಿ. ನಿಘಂಟು ಪಕ್ಕದಲ್ಲಿಲ್ಲದೆ ನನಗೆ ಓದಲಾಗಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಮೊದಲ ಓದಿನಲ್ಲಿ ನನಗೆ ತಕರಾರು ಇತ್ತು. ಯಾಕೆ ಕಡೆಯ ದಿನ ಮಾತ್ರ? ಗಲಿಲಾಯದ ಬೆಟ್ಟದ ಮೇಲೆ ಮಾತಾಡಿದ, ಸುಂಕದವರ ಜೊತೆ ಉಂಡ, ದೇವಾಲಯದಲ್ಲಿ ವ್ಯಾಪಾರಿಗಳ ಮೇಜು ಕೆಡವಿದ ಯೇಸುವನ್ನು ಬಿಟ್ಟು ಗಾಯಗೊಂಡ ದೇಹವನ್ನು ಮಾತ್ರ ಕೊಟ್ಟರೆ, ಸುವಾರ್ತೆ ಓದದ ಕನ್ನಡಿಗನಿಗೆ ಉಳಿಯುವುದು ಏನು? ಮತ್ತೊಬ್ಬ ಹುತಾತ್ಮ. ಯಾವುದಕ್ಕೆ ಸಾಕ್ಷಿ ಅನ್ನುವುದು ಕಾವ್ಯದ ಹೊರಗೆ ಉಳಿದುಹೋಗುತ್ತದೆ. ಹೆಸರೂ ಹಾಗೇ ಇದೆ: ಗೊಲ್ಗೊಥಾ ಅಂದರೆ ಕಪಾಲ ಸ್ಥಳ, ಕೊಲ್ಲುವ ಜಾಗ. ಕಾವ್ಯಕ್ಕೆ ಮನುಷ್ಯನ ಹೆಸರಿಗಿಂತ ಮುಂಚೆ ಕೊಲೆಯ ಜಾಗದ ಹೆಸರು.

ಈ ತಕರಾರನ್ನು ನಾನು ಈಗ ಅರ್ಧ ಹಿಂತೆಗೆದುಕೊಳ್ಳುತ್ತೇನೆ. ಕಾರಣ ಅವರ ಇನ್ನೊಂದು ಕಾವ್ಯ, ‘ವೈಶಾಖಿ ಅಥವಾ ಬುದ್ಧನ ಕಡೆಯ ದಿನ’. ಎರಡೂ ಹೆಸರುಗಳ ಅಚ್ಚು ಒಂದೇ. ಆದರೆ ಬುದ್ಧನನ್ನು ಯಾರೂ ಕೊಲ್ಲಲಿಲ್ಲ. ಎಂಬತ್ತರ ಮುಪ್ಪಿನಲ್ಲಿ ಚುಂದನ ಮನೆಯ ಊಟದ ನಂತರ ಕಾಯಿಲೆ ಬಿದ್ದು ಕುಶಿನಗರದಲ್ಲಿ ತೀರಿಕೊಂಡ. ಅಲ್ಲಿ ರಕ್ತ ಇಲ್ಲ, ಸಿಪಾಯಿ ಇಲ್ಲ, ಶಿಲುಬೆ ಇಲ್ಲ. ಪೈಗಳಿಗೆ ಮುಖ್ಯವಾದದ್ದು ಕೊಲೆ ಆಗಿದ್ದರೆ, ರಕ್ತ ಆಗಿದ್ದರೆ, ಈ ಎರಡು ಸಾವುಗಳನ್ನು ಒಂದೇ ಚೌಕಟ್ಟಿನಲ್ಲಿ ಇಡುತ್ತಿರಲಿಲ್ಲ. ಎರಡಕ್ಕೂ ಸಮಾನವಾದದ್ದು ಬೇರೆ: ಬದುಕಿಡೀ ಹೇಳಿದ ಮಾತು ಕೊನೆಯ ದಿನದ ಭಾರವನ್ನು ತಡೆಯಿತೇ? ಯೇಸು ಕೊಲ್ಲುವವರನ್ನು ಕ್ಷಮಿಸಿದ. ಬುದ್ಧ, ಚುಂದ ತನ್ನ ಊಟದಿಂದಲೇ ಹೀಗಾಯಿತೆಂದು ಕೊರಗಬಾರದು ಎಂದು ಹೇಳಿ ಕಳಿಸಿದ. ಇಬ್ಬರೂ ಸಾಯುವಾಗ ತಮ್ಮ ಸಾವಿಗೆ ಕಾರಣರಾದವರ ಬಗ್ಗೆ ಯೋಚಿಸಿದರು. ಕಡೆಯ ದಿನ ಅಂದರೆ ಸಾಕ್ಷಿಯ ಪಾಟಿಸವಾಲು ನಡೆಯುವ ದಿನ. ಹೀಗೆ ಓದಿದರೆ ‘ಗೊಲ್ಗೊಥಾ’ ಹುತಾತ್ಮನ ಕಾವ್ಯವಲ್ಲ, ಸಾಕ್ಷಿಯ ಕಾವ್ಯ.

ಆದರೂ ಅರ್ಧ ಮಾತ್ರ ಹಿಂತೆಗೆದುಕೊಂಡೆ ಅಂದೆ. ಯಾಕೆಂದರೆ ಈ ಅರ್ಥ ಎರಡು ಕಾವ್ಯಗಳನ್ನು ಒಟ್ಟಿಗೆ ಇಟ್ಟಾಗ ಬರುತ್ತದೆ. ಒಂದನ್ನೇ ಕಿತ್ತು ಪಾಠ ಮಾಡಿದಾಗ ಬರುವುದಿಲ್ಲ. ತರಗತಿಗಳಲ್ಲಿ ‘ಗೊಲ್ಗೊಥಾ’ವನ್ನು ತ್ಯಾಗ, ಕರುಣೆ ಎಂಬ ಎರಡು ಪದಗಳಲ್ಲಿ ಮುಗಿಸಿಬಿಡುವ ಅಭ್ಯಾಸ ಇದೆ. ಅಲ್ಲಿ ಪಿಲಾತ ಕೈ ತೊಳೆದುಕೊಂಡದ್ದು ಒಂದು ಆಡಳಿತದ ತೀರ್ಮಾನ, ಯೇಸು ಸತ್ತದ್ದು ಒಂದು ಸರ್ಕಾರ ಕೊಟ್ಟ ಶಿಕ್ಷೆಯಿಂದ ಅನ್ನುವುದು ಮಾತಿಗೇ ಬರುವುದಿಲ್ಲ.

4. ಯಾರು ಕೇಳಿದರು?

ಪೈಗಳ ಮೂರನೆಯ ಕೃತಿಯೊಂದನ್ನು ಇಲ್ಲಿ ತರಬೇಕು: ‘ಹೆಬ್ಬೆರಳು’, ಏಕಲವ್ಯನ ನಾಟಕ. ಒಬ್ಬನೇ ಲೇಖಕ ಶಿಲುಬೆಯನ್ನೂ ಕತ್ತರಿಸಿದ ಬೆರಳನ್ನೂ ಬರೆದಿದ್ದಾರೆ. ನಮ್ಮಂಥವರು, ಅಂದರೆ ಊರಾಚೆಯ ಕೇರಿಯಿಂದ ಬಂದವರು, ಏಕಲವ್ಯನ ಕತೆಯನ್ನು ಗುರುಭಕ್ತಿಯ ಕತೆಯಾಗಿ ಓದಲಾರೆವು. ಬೆರಳನ್ನು ಅವನು ಕೊಟ್ಟ ಅನ್ನುವುದಕ್ಕಿಂತ ದ್ರೋಣ ಕೇಳಿದ ಅನ್ನುವುದು ನಮಗೆ ಮೊದಲು ಕಾಣುತ್ತದೆ. ಬೇರೊಬ್ಬ ಶಿಷ್ಯ ಮೊದಲಿಗನಾಗಿ ಉಳಿಯಲಿ ಎಂದು ಕೇಳಿದ.

ಇಲ್ಲಿ ನನಗೆ ಒಂದು ಅಳತೆಗೋಲು ಸಿಕ್ಕಿತು. ಪ್ರಾಣತ್ಯಾಗದ ಯಾವ ಕತೆ ಬಂದರೂ ಮೊದಲು ಕೇಳಬೇಕಾದ್ದು: ಇದನ್ನು ಕೇಳಿದವರು ಯಾರು? ಕೇಳಿದವನಿಗೆ ಲಾಭ ಇದೆಯೇ? ಸಿರಿಯಾಳನ ಮಗನನ್ನು ಯಾರೂ ಕೇಳಲಿಲ್ಲ. ಚರ್ಚಿನಲ್ಲಿ ಕೈ ಎತ್ತಿದ ಮಕ್ಕಳಿಗೆ ಎತ್ತದೆ ಇರುವ ಆಯ್ಕೆ ಇತ್ತೇ?

ಆದಿ ಸಭೆ ಈ ವಿಷಯದಲ್ಲಿ ನಾವು ಅಂದುಕೊಂಡದ್ದಕ್ಕಿಂತ ಎಚ್ಚರವಾಗಿತ್ತು. ಸ್ಮುರ್ನದ ಬಿಷಪ್ ಪಾಲಿಕಾರ್ಪರನ್ನು ಸುಮಾರು ಕ್ರಿ.ಶ. 155ರಲ್ಲಿ ಸುಟ್ಟರು. ಆ ಸಾವನ್ನು ವಿವರಿಸುವ ಹಳೆಯ ಪತ್ರದಲ್ಲೇ ಕ್ವಿಂಟಸ್ ಎಂಬ ಇನ್ನೊಬ್ಬನ ಕತೆ ಇದೆ. ಅವನು ತಾನಾಗಿ ಮುನ್ನುಗ್ಗಿ ಬಂದ, ಬೇರೆಯವರನ್ನೂ ಎಳೆತಂದ, ಕಾಡುಮೃಗಗಳನ್ನು ಕಂಡಕೂಡಲೇ ಹೆದರಿ ದೇವತೆಗಳಿಗೆ ಬಲಿ ಅರ್ಪಿಸಿಬಿಟ್ಟ. ಹೀಗೆ ತಾವಾಗಿ ಹೋಗಿ ಒಪ್ಪಿಸಿಕೊಳ್ಳುವವರನ್ನು ನಾವು ಮೆಚ್ಚುವುದಿಲ್ಲ ಎಂಬ ಅರ್ಥದ ಮಾತು ಆ ಪತ್ರದಲ್ಲಿದೆ. ಪಾಲಿಕಾರ್ಪರಾದರೋ ಮೊದಲು ಹಳ್ಳಿಯ ತೋಟದ ಮನೆಗಳಲ್ಲಿ ಅಡಗಿದ್ದವರು. ಹುಡುಕಿಕೊಂಡು ಬಂದಾಗ ಮಾತ್ರ ಓಡಲಿಲ್ಲ. ಸಾವನ್ನು ಹುಡುಕಿಕೊಂಡು ಹೋಗುವುದು ಬೇರೆ, ಸತ್ಯ ಬಿಟ್ಟು ಓಡದೆ ಇರುವುದು ಬೇರೆ. ಎರಡರ ನಡುವಿನ ಗೆರೆಯನ್ನು ಅವರು ಅಷ್ಟು ಹಿಂದೆಯೇ ಎಳೆದಿದ್ದರು.

ನಮ್ಮ ಕಾಲದ ಒಂದು ಉದಾಹರಣೆ. 1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಜೀಪಿನಲ್ಲಿ ಮಲಗಿದ್ದಾಗಲೇ ಸುಟ್ಟರು. ಒಬ್ಬನಿಗೆ ಹತ್ತು ವರ್ಷ, ಇನ್ನೊಬ್ಬನಿಗೆ ಆರು. ಬಾರಿಪದದಲ್ಲಿ ಕುಷ್ಠರೋಗಿಗಳ ನಡುವೆ ದಶಕಗಳ ಕಾಲ ಕೆಲಸ ಮಾಡಿದ ಸ್ಟೇನ್ಸ್ ಅವರನ್ನು ಸಾಕ್ಷಿ ಅನ್ನಬಹುದು, ಆ ಬದುಕು ಅವರ ಆಯ್ಕೆ. ಮಕ್ಕಳನ್ನು? ಪ್ರಸಂಗಗಳಲ್ಲಿ ಮೂವರನ್ನೂ ಸೇರಿಸಿ ಬಲಿದಾನ ಅನ್ನುವುದನ್ನು ಕೇಳಿದ್ದೇನೆ. ಆರು ವರ್ಷದ ಮಗು ಬಲಿದಾನ ಮಾಡುವುದಿಲ್ಲ. ಅದನ್ನು ಕೊಂದರು. ಅಲ್ಲಿ ಬಲಿದಾನ ಎಂಬ ಮಾತು ಭಕ್ತಿಯಿಂದಲೇ ಬಂದರೂ ಕೊಲೆಗಾರನ ಕೆಲಸ ಹಗುರ ಮಾಡುತ್ತದೆ. ಆ ಘಟನೆಯಲ್ಲಿ ಸಾಕ್ಷಿ ನುಡಿದವರು ಉಳಿದವರು: ಕೊಂದವರನ್ನು ಕ್ಷಮಿಸಿದ್ದೇನೆ ಎಂದು ಎಲ್ಲರೆದುರು ಹೇಳಿ, ಅದೇ ಬಾರಿಪದದಲ್ಲಿ ಕೆಲಸ ಮುಂದುವರಿಸಿದ ಗ್ಲಾಡಿಸ್ ಸ್ಟೇನ್ಸ್. ಸಾಕ್ಷಿಯಾಗಲು ಸಾಯಲೇಬೇಕೆಂದಿಲ್ಲ ಅನ್ನುವುದಕ್ಕೆ ಅವರೇ ಸಾಕು.

5. ಸರ್ಟಿಫಿಕೇಟು

ಇನ್ನು ಅಪ್ಪನ ವಿಷಯ. ನನ್ನ ಅಪ್ಪನಿಗೆ ಎರಡು ಹೆಸರು. ಒಂದು ಬೈಬಲಿನದು, ಚರ್ಚಿನಲ್ಲಿ ಕರೆಯುವುದು. ಇನ್ನೊಂದು ಊರದೇವರದು, ಶಾಲೆಯ ರಿಜಿಸ್ಟರಿನಲ್ಲಿರುವುದು. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಹೀಗೇ. ಕಾರಣ ನಿಮಗೆ ಗೊತ್ತು. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಪ್ಯಾರಾ ಮೊದಲು ಹಿಂದೂಗಳಿಗೆ, 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಆ ಸ್ಥಾನ ಕೊಟ್ಟಿತು. ಕ್ರೈಸ್ತನಾದ ದಲಿತನಿಗೆ ಇಲ್ಲ. ಆಂಧ್ರದಲ್ಲಿ ಅವನು ಬಿ.ಸಿ.-ಸಿ ಗುಂಪು, ಒಂದು ಶೇಕಡಾ ಮೀಸಲಾತಿ. ಊರಲ್ಲಿ ಅವನ ಕೇರಿ ಬದಲಾಗಿಲ್ಲ, ಕಾಗದದಲ್ಲಿ ಮಾತ್ರ ಅವನ ಜಾತಿ ಬದಲಾಗಬೇಕು.

ಆರಾಧನೆ ಮುಗಿದು ಮನೆಗೆ ಬರುವಾಗ ಅಪ್ಪನನ್ನು ಕೇಳಿದೆ, ಯಾಕೆ ಕೈ ಎತ್ತಲಿಲ್ಲ ಅಂತ. ಸ್ವಲ್ಪ ದೂರ ನಡೆದ ಮೇಲೆ ಹೇಳಿದರು: “ಕೈ ಎತ್ತೋದು ಸಲೀಸಪ್ಪ. ಫಾರಂನಾಗ ಹೆಸ್ರು ಬರಿಯೋದು ಕಷ್ಟ. ಅದನ್ನ ಬರೀಲಾರದವ್ನು ಪ್ರಾಣ ಕೊಡ್ತೀನಂತ ಹೆಂಗ ಹೇಳ್ಲಿ?”

ಆ ಮಾತಿನ ಭಾರ ನನಗೆ ಗೊತ್ತಾದದ್ದು ಬಹಳ ತಡವಾಗಿ, ಕ್ರಿ.ಶ. 250ರ ಚರಿತ್ರೆ ಓದುವಾಗ. ಡೀಸಿಯಸ್ ಚಕ್ರವರ್ತಿ ರೋಮ್ ಸಾಮ್ರಾಜ್ಯದ ಜನ ದೇವತೆಗಳಿಗೆ ಬಲಿ ಅರ್ಪಿಸಿ, ಅರ್ಪಿಸಿದ್ದಕ್ಕೆ ಅಧಿಕಾರಿಗಳಿಂದ ಪತ್ರ ಪಡೆಯಬೇಕೆಂದು ಆಜ್ಞೆ ಮಾಡಿದ. ಆ ಪತ್ರಕ್ಕೆ ಲಿಬೆಲ್ಲಸ್ ಅಂತ ಹೆಸರು. ಸರ್ಟಿಫಿಕೇಟು! ಅಂಥ ನಲವತ್ತಕ್ಕೂ ಹೆಚ್ಚು ಪತ್ರಗಳು ಈಜಿಪ್ಟಿನ ಮರಳಲ್ಲಿ ಸಿಕ್ಕಿವೆ. ಕೆಲವು ಸಿಕ್ಕಿದ್ದು ಆಕ್ಸಿರಿಂಕಸ್‌ನಲ್ಲಿ. ಕನ್ನಡ ಮಾತುಗಳಿವೆಯೆಂದು ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ಚರ್ಚಿಸಿದ ಆ ಗ್ರೀಕ್ ಪ್ರಹಸನ ಸಿಕ್ಕಿದ ಅದೇ ಊರು. ನಮ್ಮ ವಿದ್ವಾಂಸರು ಅಲ್ಲಿ ಕನ್ನಡ ಪದ ಹುಡುಕಿದರು. ಪಕ್ಕದ ಪೆಪೈರಸ್ಸಿನಲ್ಲಿ ನಮ್ಮ ಮನೆಯ ಕತೆ ಇತ್ತು.

ಆಗ ಕೆಲವರು ಸತ್ತರು. ಎಷ್ಟೋ ಜನ ಬಲಿ ಅರ್ಪಿಸಿದರು. ಇನ್ನೂ ಕೆಲವರು ಬಲಿ ಅರ್ಪಿಸದೆ, ಹೇಗೋ ಪತ್ರ ಮಾತ್ರ ಮಾಡಿಸಿಕೊಂಡರು. ಹಾವಳಿ ಮುಗಿದ ಮೇಲೆ ಸಭೆಯೊಳಗೆ ದೊಡ್ಡ ಜಗಳ: ಪತ್ರ ಪಡೆದವರನ್ನು ಮತ್ತೆ ಸೇರಿಸಿಕೊಳ್ಳಬೇಕೇ? ನೊವಾಷಿಯನ್ ಕೂಡದು ಅಂದ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮತ್ತು ಅವರ ಜೊತೆಯವರು 251ರಲ್ಲಿ ಸಭೆ ಸೇರಿ, ಒಬ್ಬೊಬ್ಬರದನ್ನೂ ಬೇರೆ ಬೇರೆಯಾಗಿ ವಿಚಾರಿಸಿ ಸೇರಿಸಿಕೊಳ್ಳುವ ದಾರಿ ಹಿಡಿದರು. ಈ ಸಿಪ್ರಿಯನ್ ಹಾವಳಿಯ ಹೊತ್ತಿಗೆ ತಾವೇ ಅಡಗಿದ್ದವರು, ಅದಕ್ಕೆ ಟೀಕೆಯನ್ನೂ ಕೇಳಿದವರು. 258ರ ಸೆಪ್ಟೆಂಬರ್ 14ರಂದು ಅವರ ತಲೆ ಕಡಿದರು, ಆ ಸಲ ಅವರು ಓಡಲಿಲ್ಲ. ಅಡಗಿದ್ದವನೂ ಸಾಕ್ಷಿಯಾಗಬಲ್ಲ.

ಇದರಿಂದ ನಮ್ಮ ಮನೆಗಳ ಎರಡು ಹೆಸರು ಸರಿ ಅಂತ ನಾನು ಹೇಳುತ್ತಿಲ್ಲ. ಹೋಲಿಕೆಗೂ ಒಂದು ಮಿತಿ ಇದೆ. ಅಲ್ಲಿ ಪತ್ರ ಇಲ್ಲದಿದ್ದರೆ ಜೀವಕ್ಕೇ ಅಪಾಯ, ಇಲ್ಲಿ ಹೋಗುವುದು ಹಾಸ್ಟೆಲು, ಸ್ಕಾಲರ್‌ಶಿಪ್ಪು, ಕೆಲಸ. ಆದರೆ ಹಸಿವಿನ ಸೀಮೆಯಲ್ಲಿ ಇವು ಸಣ್ಣವಲ್ಲ. 1876ರಿಂದ 78ರವರೆಗಿನ ಧಾತು ಈಶ್ವರ ಬರ ಬಳ್ಳಾರಿ, ಕರ್ನೂಲು ಜಿಲ್ಲೆಗಳನ್ನು ಹೇಗೆ ಹಾಳು ಮಾಡಿತು ಅನ್ನುವುದು ಇಲ್ಲಿನವರಿಗೆ ಗೊತ್ತು. ಆ ಬರದ ಆಸುಪಾಸಿನಲ್ಲಿ ಕ್ರೈಸ್ತರಾದವರನ್ನು ಗಂಜಿಗಾಗಿ ಮತ ಬಿಟ್ಟವರು ಎಂದು ಹಂಗಿಸಿದರು. ಅವರ ಮರಿಮಕ್ಕಳನ್ನು ಸರ್ಟಿಫಿಕೇಟಿಗಾಗಿ ಮತ ಮುಚ್ಚಿಟ್ಟವರು ಎಂದು ಹಂಗಿಸುತ್ತಾರೆ. ಪ್ರಾಣ ಕೊಟ್ಟವನಿಗೆ ಮಾತ್ರ ಮರ್ಯಾದೆ ಕೊಡುವ ಭಾಷೆಯಲ್ಲಿ, ಬದುಕಿ ಉಳಿಯಲು ಹೆಣಗಿದವನಿಗೆ ಪದವೇ ಇಲ್ಲ. ಹುತಾತ್ಮ ಎಂಬ ಪದದ ಮೇಲೆ ನನ್ನ ಕೊನೆಯ ಆಕ್ಷೇಪ ಇದು.

ಸಾಕ್ಷಿ ಎಂಬ ಪದದಲ್ಲಿ ಅವನಿಗೆ ಜಾಗ ಇದೆ. ಕೈ ಎತ್ತದೆ ಕೂತ ಅಪ್ಪ ಆ ದಿನ ಸಭೆಯಲ್ಲಿ ತನ್ನ ವಿರುದ್ಧವೇ ನಿಜ ಹೇಳಿದರು. ಉಳಿದ ನಾವೆಲ್ಲ ಸುಮ್ಮನೆ ಕೈ ಎತ್ತಿದ್ವಿ. ಕನ್ನಡ ವಿಮರ್ಶೆ ‘ಗೊಲ್ಗೊಥಾ’ದಂಥ ಕೃತಿಗಳನ್ನು ಓದುವಾಗ ತ್ಯಾಗ ಎಷ್ಟು ದೊಡ್ಡದು ಎಂದು ಅಳೆಯುವುದನ್ನು ಬಿಟ್ಟು, ಯಾವುದಕ್ಕೆ ಸಾಕ್ಷಿ, ಯಾರ ಎದುರು, ಕೇಳಿದವರು ಯಾರು ಎಂಬ ಮೂರು ಪ್ರಶ್ನೆ ಹಾಕಿಕೊಳ್ಳಲಿ. ಇಷ್ಟು ಹೇಳಿ ನನ್ನ ಮಂಡನೆ ಮುಗಿಸ್ತೀನಿ. ನಮಸ್ಕಾರ.

ಚರ್ಚೆಯಿಂದ

ಪ್ರಶ್ನೆ (ಒಬ್ಬ ಅಧ್ಯಾಪಕರು): ಹುತಾತ್ಮ ಪದವನ್ನು ನೀವು ತುಂಬಾ ಅಕ್ಷರಶಃ ತೆಗೆದುಕೊಂಡಿರಿ. ಇವತ್ತು ಆ ಪದ ಹೇಳುವಾಗ ಯಾರಿಗೂ ಯಜ್ಞ ನೆನಪಾಗುವುದಿಲ್ಲ. ಬಳಕೆಯಲ್ಲಿ ಅರ್ಥ ಸವೆದುಹೋಗಿದೆ.

ಉತ್ತರ: ಒಪ್ತೀನಿ ಸರ್, ಚಿತ್ರ ಸವೆದಿದೆ. ಆದರೆ ಅದು ಕಲಿಸಿದ ಅಭ್ಯಾಸ ಸವೆದಿಲ್ಲ ಅನ್ನೋದು ನನ್ನ ಅನುಮಾನ. ಜನವರಿ 30ನ್ನು ಹುತಾತ್ಮರ ದಿನ ಅಂತೀವಿ, ಎರಡು ನಿಮಿಷ ಮೌನ ಮಾಡ್ತೀವಿ. ಗಾಂಧಿ ಯಾವ ಮಾತಿಗಾಗಿ ಸತ್ತರು, ಆ ಮಾತು ಈಗ ಎಲ್ಲಿದೆ ಅಂತ ಆ ದಿನ ಮಾತಾಡೋದು ಕಡಿಮೆ. ಸಾಕ್ಷಿಯ ದಿನ ಅಂತ ಕರೆದಿದ್ದರೆ ಮೌನ ಮಾಡೋದು ಕಷ್ಟ ಆಗ್ತಿತ್ತು.

ಪ್ರಶ್ನೆ (ಒಬ್ಬ ಸಹಪಾಠಿ): ವೀರಗಲ್ಲಿನ ವಿಷಯದಲ್ಲಿ ನೀವು ಅನ್ಯಾಯ ಮಾಡಿದಿರಿ ಅನ್ನಿಸ್ತು. ತುರುಗಳನ್ನ ಕಾಯೋಕೆ, ಊರ ಹೆಣ್ಣುಮಕ್ಕಳನ್ನ ಕಾಯೋಕೆ ಸತ್ತವರ ಕಲ್ಲುಗಳೂ ಇವೆ. ಅವರೆಲ್ಲ ಒಡೆಯನ ಋಣಕ್ಕೆ ಸತ್ತವರಲ್ಲ.

ಉತ್ತರ: ಇದು ನ್ಯಾಯವಾದ ಮಾತು. ಜೋಳವಾಳಿಯನ್ನೇ ಎಲ್ಲ ಕಲ್ಲುಗಳಿಗೂ ಹಚ್ಚಿದ್ದು ನನ್ನ ತಪ್ಪು. ತುರುಗೊಳ್, ಪೆಣ್ಬುಯ್ಯಲ್ ಕಲ್ಲುಗಳಲ್ಲಿ ಬೇರೆಯವರಿಗಾಗಿ ನಿಲ್ಲುವ ಗುಣ ಇದೆ, ಅದು ಸಾಕ್ಷಿಗೆ ಹತ್ತಿರದ್ದು. ಆದರೂ ಅಲ್ಲಿ ಕೈಯಲ್ಲಿ ಆಯುಧ ಇದೆ ಅನ್ನುವ ವ್ಯತ್ಯಾಸ ಉಳಿಯುತ್ತೆ. ಬರಹರೂಪದಲ್ಲೂ ಆ ಭಾಗವನ್ನು ತಿದ್ದದೆ ಹಾಗೇ ಬಿಟ್ಟಿದ್ದೀನಿ. ನಿಮ್ಮ ಆಕ್ಷೇಪ ಪಕ್ಕದಲ್ಲೇ ಇರಲಿ ಅಂತ.

ಪ್ರಶ್ನೆ (ಚಾಟ್‌ನಲ್ಲಿ): ಅಪ್ಪ ಇದನ್ನ ಓದಿದ್ದಾರಾ?

ಉತ್ತರ: ಅಪ್ಪನಿಗೆ ಕನ್ನಡ ಓದೋಕೆ ಬರುತ್ತೆ. ನಿನ್ನೆ ರಾತ್ರಿ ಓದಿ ಹೇಳಿದೆ, ಕೇಳಿದರು. ಎರಡು ಹೆಸರಿನ ಮಾತು ತೆಗೆಯಲಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇರ್ಲಿ ಬಿಡು, ನಿಜಾನೇ ಐತಲ್ಲ” ಅಂದರು. ಅದಕ್ಕೆ ಇಟ್ಟಿದ್ದೀನಿ.